ಕಣ್ಣಿನ ಪ್ರಸಾದ

(ಹಳ್ಳಿಮೈಸೂರಿನಲ್ಲಿ ಕಾರ್ತಿಕ ಮಾಸದ ಶಿವಾನುಭವ ಗೋಷ್ಠಿಯಲ್ಲಿ ದಯಪಾಲಿಸಿದ ಆಶೀರ್ವಚನ)



ಈ ಸಲದ ಗೋಷ್ಠಿಗೆ ವಿಷಯವನ್ನು ಗೊತ್ತುಮಾಡುವಾಗ ಇಲ್ಲಿಯ ಭಕ್ತರು ಬಂದು, "ಬುದ್ದಿ, ಸಿನಿಮಾದಲ್ಲಿ, ಟಿವಿಯಲ್ಲಿ ಬರೀ ಹೊಡೆದಾಟ, ಕೊಲೆ, ರಕ್ತ. ಹುಡುಗರು ಕೆಟ್ಟುಹೋಗುತ್ತಿದ್ದಾರೆ. ಆ ವಿಚಾರವಾಗಿ ಅಪ್ಪಣೆ ಕೊಡಿಸಬೇಕು" ಎಂದು ಬಿನ್ನವಿಸಿಕೊಂಡರು. ಮಠದಲ್ಲಿರುವ ಸ್ವಾಮಿಗಳಿಗೆ ಸಿನಿಮಾದ ವಿಚಾರ ಏನು ಗೊತ್ತು ಎಂದು ನಿಮ್ಮಲ್ಲಿ ಕೆಲವರು ಮನಸ್ಸಿನಲ್ಲೇ ನಗುತ್ತಿರಬಹುದು. ಗೊತ್ತಿರುವಷ್ಟನ್ನು ಹೇಳುತ್ತೇವೆ.

ನಾವು ಸಂಸ್ಕೃತ ಪಾಠಶಾಲೆಯಲ್ಲಿ ಓದುತ್ತಿದ್ದ ಕಾಲದಲ್ಲಿ, ಸುಗ್ಗಿ ಕಳೆದ ಮೇಲೆ ಊರ ಹೊರಗಿನ ಬಯಲಿನಲ್ಲಿ ಟೆಂಟು ಹಾಕಿ ಸಿನಿಮಾ ತೋರಿಸುತ್ತಿದ್ದರು. ಸಂಜೆಯಾದರೆ ಬಾಯಿ ಅಮರಕೋಶವನ್ನು ಉರುಹೊಡೆಯುತ್ತಿತ್ತು, ಕಿವಿ ಮಾತ್ರ ಟೆಂಟಿನ ಹಾಡಿನ ಕಡೆಗೆ ಇತ್ತು. ಒಂದು ರಾತ್ರಿ ಮೂವರು ಹುಡುಗರು ಹಿತ್ತಲ ಬಾಗಿಲಿನಿಂದ ಹೋಗಿ, ನೆಲದ ಟಿಕೆಟು ತೆಗೆದುಕೊಂಡು, ಮರಳಿನ ಮೇಲೆ ಕುಳಿತು ಚಿತ್ರ ನೋಡಿದೆವು. ಬೆಳಿಗ್ಗೆ ಗುರುಗಳಿಗೆ ಗೊತ್ತಾಯಿತು. ಬೆತ್ತ ಬೀಳುತ್ತದೆಂದು ನಿಂತಿದ್ದೆವು. ಅವರು ಹೊಡೆಯಲಿಲ್ಲ, "ಏನು ನೋಡಿದಿರಪ್ಪಾ, ಹೇಳಿ" ಎಂದರು. ನಮಗೆ ಕಥೆ ಅಷ್ಟಾಗಿ ನೆನಪಿರಲಿಲ್ಲ, ಹೊಡೆದಾಟ ಮಾತ್ರ ಚೆನ್ನಾಗಿ ನೆನಪಿತ್ತು. ನಾಯಕ ಹೇಗೆ ಹಾರಿದ, ಹೇಗೆ ಹತ್ತು ಜನರನ್ನು ಕೆಡವಿದ ಎಂದು ಕೈಕಾಲು ಆಡಿಸಿ ವರ್ಣಿಸಿದೆವು. ಗುರುಗಳು ಎಲ್ಲವನ್ನೂ ಕೇಳಿ, "ಹೊಡೆಸಿಕೊಂಡವನ ಹೆಸರೇನು?" ಎಂದು ಕೇಳಿದರು. ಮೂವರಿಗೂ ಗೊತ್ತಿರಲಿಲ್ಲ. "ಹೋಗಿ, ಪಾಠ ಮಾಡಿಕೊಳ್ಳಿ" ಎಂದುಬಿಟ್ಟರು. ಅಂದು ಆ ಪ್ರಶ್ನೆಯ ಆಳ ನಮಗೆ ತಿಳಿಯಲಿಲ್ಲ. ಬೆತ್ತ ತಪ್ಪಿತಲ್ಲಾ ಎಂಬ ಸಂತೋಷವೇ ಹೆಚ್ಚಾಗಿತ್ತು.

ಮುಂದೆ ನಾಟ್ಯಶಾಸ್ತ್ರ, ಅಲಂಕಾರಶಾಸ್ತ್ರಗಳನ್ನು ಓದುವಾಗ ಆ ಪ್ರಶ್ನೆ ಮತ್ತೆ ಎದುರಿಗೆ ಬಂದು ನಿಂತಿತು. ನಮ್ಮ ಪೂರ್ವಿಕರು ಹಿಂಸೆಯನ್ನು ಕಲೆಯಿಂದ ಹೊರಗಿಟ್ಟವರಲ್ಲ. ಭರತಮುನಿ ಹೇಳಿದ ಎಂಟು ರಸಗಳಲ್ಲಿ ರೌದ್ರವೂ ಉಂಟು, ಬೀಭತ್ಸವೂ ಉಂಟು, ಭಯಾನಕವೂ ಉಂಟು. ಕ್ರೋಧವೆಂಬುದು ಮನುಷ್ಯನಲ್ಲಿ ಸ್ಥಾಯಿಯಾಗಿ ನಿಂತಿರುವ ಭಾವವೆಂದು ಅವರು ಒಪ್ಪಿಕೊಂಡಿದ್ದರು. ಹಾಗಿದ್ದರೂ ಯುದ್ಧ, ರಾಜ್ಯನಾಶ, ಮರಣ, ಪಟ್ಟಣದ ಮುತ್ತಿಗೆ ಇವುಗಳನ್ನು ರಂಗದ ಮೇಲೆ ಪ್ರತ್ಯಕ್ಷವಾಗಿ ತೋರಿಸದೆ, ಪ್ರವೇಶಕದ ಮೂಲಕ, ಎಂದರೆ ಬೇರೆ ಪಾತ್ರಗಳ ಮಾತಿನ ಮೂಲಕ ತಿಳಿಸಬೇಕೆಂದು ವಿಧಿಸಿದರು. ಭಟ್ಟನಾರಾಯಣನ ವೇಣೀಸಂಹಾರದಲ್ಲಿ ಭೀಮನು ದುಶ್ಶಾಸನನನ್ನು ಕೊಲ್ಲುವುದು ತೆರೆಯ ಹಿಂದೆ. ನೋಡುವವರಿಗೆ ದನಿ ಮಾತ್ರ ಕೇಳುತ್ತದೆ.

ಭಾಸಕವಿಯ ಊರುಭಂಗವನ್ನು ಮಾತ್ರ ಸ್ವಲ್ಪ ನಿಂತು ನೋಡಬೇಕು. ಅಲ್ಲಿ ಭೀಮ-ದುರ್ಯೋಧನರ ಗದಾಯುದ್ಧವನ್ನು ಮೂವರು ಭಟರು ನಿಂತು ವರ್ಣಿಸುತ್ತಾರೆ. ತೊಡೆ ಮುರಿಯುವುದು ನಮಗೆ ಕಾಣಿಸುವುದಿಲ್ಲ. ಯುದ್ಧ ಮುಗಿದ ಮೇಲೆ ಮುರಿದ ತೊಡೆಗಳನ್ನು ಎಳೆದುಕೊಂಡು ದುರ್ಯೋಧನನು ರಂಗಕ್ಕೆ ಬರುತ್ತಾನೆ. ಅವನ ಚಿಕ್ಕ ಮಗ ದುರ್ಜಯನು ತಂದೆಯನ್ನು ಹುಡುಕಿಕೊಂಡು ಬಂದು, ನಿತ್ಯದಂತೆ ತೊಡೆಯ ಮೇಲೆ ಕೂರಲು ಹೋಗುತ್ತಾನೆ. ತಂದೆ ಬೇಡವೆನ್ನುತ್ತಾನೆ. ಏಕೆ ಬೇಡವೆಂದು ಮಗುವಿಗೆ ತಿಳಿಯದು. ಕವಿ ಗದೆಯ ಏಟನ್ನು ಮರೆಮಾಡಿ, ಆ ಏಟು ಬಿದ್ದ ಸ್ಥಳದಲ್ಲಿ ಒಂದು ಮಗುವನ್ನು ನಿಲ್ಲಿಸಿದ. ಹೊಡೆಸಿಕೊಂಡವನ ಹೆಸರು ಯಾರಿಗೂ ಮರೆಯದ ಹಾಗೆ ಮಾಡಿದ. ರೌದ್ರದಿಂದ ಕರುಣವು ಹುಟ್ಟುತ್ತದೆಂದು ಭರತಮುನಿ ಹೇಳಿದ್ದರ ಅರ್ಥ ಇದು. ಕೋಪಕ್ಕೆ ಫಲ ಅಳು. ರೌದ್ರವನ್ನು ತೋರಿಸಿ ಕರುಣಕ್ಕೆ ಕೊಂಡೊಯ್ಯದೆ ನಡುದಾರಿಯಲ್ಲಿ ಬಿಟ್ಟರೆ ಅದು ರಸವಾಗುವುದಿಲ್ಲ, ಬರಿಯ ಉದ್ರೇಕವಾಗುತ್ತದೆ.

"ಬುದ್ದಿ, ಹಾಗಾದರೆ ನಮ್ಮ ವೀರಗಾಸೆ?" ಎಂದು ಕೇಳುವವರು ಇಲ್ಲಿಯೇ ಇದ್ದೀರಿ. ಕೇಳಬೇಕಾದದ್ದೇ. ಕತ್ತಿ ಝಳಪಿಸಿ, ಒಡಪು ಹೇಳಿ, ದಕ್ಷನ ಯಜ್ಞವನ್ನು ವೀರಭದ್ರನು ಧ್ವಂಸಮಾಡಿದ ಕಥೆಯನ್ನು ನಾವು ಜಾತ್ರೆ ಜಾತ್ರೆಯಲ್ಲೂ ಕುಣಿಸುತ್ತೇವೆ. ಅದರಲ್ಲಿ ಹಿಂಸೆ ಇಲ್ಲವೆಂದು ಹೇಳಿದರೆ ಸುಳ್ಳಾದೀತು. ಆದರೆ ಕಥೆಯನ್ನು ಕೊನೆಯ ತನಕ ಹೇಳುವವರು ಈಗ ಎಷ್ಟು ಮಂದಿ? ದಕ್ಷನ ತಲೆ ಹೋದ ಮೇಲೆ, ಶಿವನು ಮನಕರಗಿ ಟಗರಿನ ತಲೆಯನ್ನಿಟ್ಟು ಅವನನ್ನು ಬದುಕಿಸುತ್ತಾನೆ. ಕೊಲ್ಲುವ ದೇವರು ಬದುಕಿಸಿದ ಮೇಲೆಯೇ ಕಥೆ ಮುಗಿಯುವುದು. ಮೆರವಣಿಗೆಗೆ ಸಮಯ ಸಾಲದೆಂದು ತಲೆ ಕಡಿದಲ್ಲಿಗೇ ನಿಲ್ಲಿಸಿ ಮಂಗಳಾರತಿ ಮಾಡುವುದನ್ನು ನಾವು ಕಣ್ಣಾರೆ ನೋಡಿದ್ದೇವೆ. ಇದು ಸಿನಿಮಾದವರ ತಪ್ಪಲ್ಲ, ನಮ್ಮದು.

ಈಗ ಸಿನಿಮಾದ ವಿಚಾರಕ್ಕೆ ಬರೋಣ. ಚಿತ್ರದಿಂದ ಜನರ ಮೇಲೆ ಪರಿಣಾಮವೇ ಆಗುವುದಿಲ್ಲವೆಂದು ವಾದಿಸುವವರಿದ್ದಾರೆ. 1972ರಲ್ಲಿ 'ಬಂಗಾರದ ಮನುಷ್ಯ' ಬಂದಾಗ ಪೇಟೆ ಸೇರಿದ್ದ ಹುಡುಗರು ಬೇಸಾಯಕ್ಕೆಂದು ಹಳ್ಳಿಗೆ ಹಿಂದಿರುಗಿದರೆಂದು ಇಂದಿಗೂ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಒಳ್ಳೆಯದಕ್ಕೆ ಪರಿಣಾಮ ಉಂಟು, ಕೆಟ್ಟದ್ದಕ್ಕೆ ಇಲ್ಲ ಎಂದರೆ ಅದು ಯಾವ ನ್ಯಾಯ? 1995ರಲ್ಲಿ 'ಓಂ' ಎಂಬ ಚಿತ್ರ ಬಂತು. ಹೆಸರು ಪ್ರಣವ, ನಾಯಕ ಪುರೋಹಿತರ ಮಗ. ಬೆಂಗಳೂರಿನ ಭೂಗತಲೋಕದ ನಿಜವಾದ ರೌಡಿಗಳೇ ಅದರಲ್ಲಿ ಬಂದು ಪಾತ್ರ ವಹಿಸಿದರು. ರೌಡಿತನ ಬೇಡವೆಂಬುದೇ ಆ ಚಿತ್ರದ ತಿರುಳೆಂದು ತಿಳಿದವರು ಹೇಳುತ್ತಾರೆ, ನಾವು ಒಪ್ಪುತ್ತೇವೆ. ಆದರೆ ಟಾಕೀಸಿನಿಂದ ಹೊರಬಂದ ಹುಡುಗರ ಬಾಯಲ್ಲಿ ಉಳಿದದ್ದು ತಿರುಳಲ್ಲ, ಮಚ್ಚು-ಲಾಂಗಿನ ಮಾತು. ಹತ್ತು ವರ್ಷದ ಮೇಲೆ, 2005ರಲ್ಲಿ ಬಂದ 'ಜೋಗಿ'ಯಲ್ಲಿ, ಶವದ ಮೆರವಣಿಗೆಯೊಂದರ ಮುಂದೆ ಕುಣಿಯುವ ಮಗನಿಗೆ ಅದು ತನ್ನ ತಾಯಿಯ ಶವವೆಂದು ಆಮೇಲೆ ತಿಳಿಯುತ್ತದೆಯಂತೆ. ಅದನ್ನು ಹೇಳುವಾಗ ನಮ್ಮ ಭಕ್ತರೊಬ್ಬರ ಕಣ್ಣಲ್ಲಿ ನೀರು ಬಂತು. ಅಲ್ಲಿ ರೌದ್ರವು ಕರುಣವನ್ನು ಮುಟ್ಟಿತೆಂದೇ ನಮ್ಮ ಅಭಿಪ್ರಾಯ. ಎಲ್ಲ ಚಿತ್ರಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

2022ರ ಏಪ್ರಿಲ್ ತಿಂಗಳಲ್ಲಿ ಹಾವೇರಿ ಜಿಲ್ಲೆಯ ಶಿಗ್ಗಾವಿಯ ಚಿತ್ರಮಂದಿರವೊಂದರಲ್ಲಿ 'ಕೆಜಿಎಫ್' ಎರಡನೆಯ ಭಾಗ ನಡೆಯುತ್ತಿತ್ತು. ಒಬ್ಬ ಯುವಕ ಮುಂದಿನ ಕುರ್ಚಿಯ ಮೇಲೆ ಕಾಲಿಟ್ಟ. ಮುಂದೆ ಕುಳಿತವನಿಗೆ ಸಿಟ್ಟು ಬಂತು. ಮಾತಿಗೆ ಮಾತು ಬೆಳೆಯಿತು. ಅವನು ಎದ್ದು ಹೋಗಿ ಪಿಸ್ತೂಲು ತಂದು ಗುಂಡು ಹಾರಿಸಿದ. ತೆರೆಯ ಮೇಲೂ ಗುಂಡು, ತೆರೆಯ ಮುಂದೆಯೂ ಗುಂಡು. ಕನಕದಾಸರ ಬಾಡವೂ ಷರೀಫರ ಶಿಶುನಾಳವೂ ಇರುವ ತಾಲ್ಲೂಕು ಅದು. ಕಾಲು ತಗುಲಿತೆಂಬ ಒಂದು ಕಾರಣಕ್ಕೆ! ಬಸ್ಸಿನಲ್ಲಿ, ಸಂತೆಯಲ್ಲಿ, ದಾಸೋಹದ ಪಂಕ್ತಿಯಲ್ಲಿ ನಿಮಗೆ ದಿನಕ್ಕೆ ಎಷ್ಟು ಜನರ ಕಾಲು ತಗುಲುವುದಿಲ್ಲ?

ಇಷ್ಟು ಹೇಳಿ, ಎಲ್ಲಕ್ಕೂ ಸಿನಿಮಾವೇ ಕಾರಣವೆಂದು ಮಂಗಳ ಹಾಡಿಬಿಟ್ಟರೆ ನಿಮಗೆ ಬಹಳ ಹಿತವಾಗುತ್ತದೆ. ಮಕ್ಕಳನ್ನು ಬೈಯಲು ಒಂದು ನೆಪ ಸಿಗುತ್ತದೆ. ಕೊಪ್ಪಳ ಜಿಲ್ಲೆಯ ಮರಕುಂಬಿ ಎಂಬ ಊರಿನ ವಿಚಾರವನ್ನು ಕೇಳಿ. 2014ರ ಆಗಸ್ಟಿನಲ್ಲಿ ಗಂಗಾವತಿಯ ಚಿತ್ರಮಂದಿರದಲ್ಲಿ ಟಿಕೆಟಿನ ವಿಚಾರಕ್ಕೆ ಒಂದು ಜಗಳವಾಯಿತು. ಅದು ಊರಿಗೆ ಬಂದು, ಸವರ್ಣೀಯರು ದಲಿತರ ಕೇರಿಗೆ ನುಗ್ಗಿ ಗುಡಿಸಲುಗಳಿಗೆ ಬೆಂಕಿ ಹಚ್ಚಿದರು. ಹತ್ತು ವರ್ಷದ ಮೇಲೆ, 2024ರ ಅಕ್ಟೋಬರಿನಲ್ಲಿ ಕೊಪ್ಪಳದ ಜಿಲ್ಲಾ ನ್ಯಾಯಾಲಯವು 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಜಗಳ ಹುಟ್ಟಿದ್ದು ಸಿನಿಮಾ ಮಂದಿರದ ಬಾಗಿಲಲ್ಲಿ, ನಿಜ. ಆದರೆ ಆ ಬೆಂಕಿಯನ್ನು ಯಾವ ನಿರ್ದೇಶಕ ಕಲಿಸಿದ? ಕ್ಷೌರ ಮಾಡಬೇಡಿ, ಹೋಟೆಲಿನಲ್ಲಿ ಲೋಟ ಕೊಡಬೇಡಿ ಎಂಬುದನ್ನು ಯಾವ ನಟ ಹೇಳಿಕೊಟ್ಟ? ಅದು ಅಜ್ಜನಿಂದ ಅಪ್ಪನಿಗೆ, ಅಪ್ಪನಿಂದ ಮಗನಿಗೆ ಊಟದ ಹೊತ್ತಿನಲ್ಲಿ ಬಂದದ್ದು.

ದೂರ ಏಕೆ ಹೋಗಬೇಕು? ನಿಮ್ಮ ಈ ಹೊಳೆನರಸೀಪುರ ತಾಲ್ಲೂಕಿನಲ್ಲೇ, ಸಿಗರನಹಳ್ಳಿಯಲ್ಲಿ, 2015ರಲ್ಲಿ ದಲಿತ ಹೆಣ್ಣುಮಕ್ಕಳು ದೇವಸ್ಥಾನದೊಳಗೆ ಬಂದರೆಂದು ದಂಡ ಹಾಕಿದ್ದು ಪತ್ರಿಕೆಗಳಲ್ಲಿ ಬಂತು. ದೇವಸ್ಥಾನ ಯಾರದು? ಬಸವೇಶ್ವರರದು. ಅಲ್ಲಿ ರಕ್ತ ಬೀಳಲಿಲ್ಲ, ಯಾರೂ ಲಾಂಗು ಹಿಡಿಯಲಿಲ್ಲ, ಸಿನಿಮಾ ಮಾಡುವಂಥದ್ದು ಏನೂ ಇರಲಿಲ್ಲ. ಹಿಂಸೆಯಲ್ಲಿ ಹೆಚ್ಚಿನ ಪಾಲು ಹೀಗೆಯೇ, ಸದ್ದಿಲ್ಲದೆ ನಡೆಯುತ್ತದೆ. ಅದು ಕ್ಯಾಮರಾಕ್ಕೆ ಸಿಕ್ಕುವುದೇ ಇಲ್ಲ.

ಹಿಂದೆ ಚಿತ್ರವನ್ನು ನೋಡಬೇಕಾದರೆ ಎದ್ದು ಹೋಗಬೇಕಾಗಿತ್ತು. ಗಾಡಿ ಕಟ್ಟಬೇಕು, ಟಿಕೆಟು ಕೊಳ್ಳಬೇಕು. ಮಕ್ಕಳಿಗೆ ಯಾವುದು ತಕ್ಕದ್ದು, ಯಾವುದು ತಕ್ಕದ್ದಲ್ಲ ಎಂದು ಪರೀಕ್ಷಿಸುವುದಕ್ಕೆ 1952ರ ಚಲನಚಿತ್ರ ಕಾಯಿದೆ ಇದೆ. 2023ರಲ್ಲಿ ಅದನ್ನು ತಿದ್ದಿ ಏಳು, ಹದಿಮೂರು, ಹದಿನಾರು ವರ್ಷವೆಂದು ವಯಸ್ಸಿನ ಮೆಟ್ಟಿಲುಗಳನ್ನೂ ಮಾಡಿದ್ದಾರೆ. ಒಳ್ಳೆಯದೇ. ಆದರೆ ಅಂಗೈಯೊಳಗಿನ ಫೋನಿಗೆ ಯಾವ ದ್ವಾರಪಾಲಕನಿದ್ದಾನೆ? ನಡುರಾತ್ರಿ ಹೊದಿಕೆಯೊಳಗೆ ಬೆಳಕು ಕಾಣುತ್ತದೆ. ಮಗನದೂ ಕಾಣುತ್ತದೆ, ಅಪ್ಪನದೂ ಕಾಣುತ್ತದೆ.

2024ರ ಜೂನ್ ತಿಂಗಳಲ್ಲಿ ಚಿತ್ರದುರ್ಗದ ಒಬ್ಬ ಯುವಕನನ್ನು ಬೆಂಗಳೂರಿಗೆ ಕರೆದೊಯ್ದು ಹೊಡೆದು ಕೊಂದ ಪ್ರಕರಣ ನಿಮಗೆಲ್ಲ ಗೊತ್ತು. ಹೆಸರಾಂತ ನಟರೊಬ್ಬರ ಮೇಲೂ ಅವರ ಅಭಿಮಾನಿಗಳ ಮೇಲೂ ಆರೋಪ ಬಂತು. 2025ರ ಆಗಸ್ಟಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಜಾಮೀನನ್ನು ರದ್ದುಮಾಡಿತು. ತಪ್ಪು ಯಾರದೆಂದು ಹೇಳುವುದು ನ್ಯಾಯಾಲಯದ ಕೆಲಸ, ಪೀಠದ್ದಲ್ಲ. ನಮಗೆ ನೋವಾದದ್ದು ಇನ್ನೊಂದು ಸಂಗತಿಯಿಂದ. 2024ರ ಸೆಪ್ಟೆಂಬರಿನಲ್ಲಿ ಆ ಯುವಕ ಪ್ರಾಣಭಿಕ್ಷೆ ಬೇಡುತ್ತಿರುವನೆನ್ನಲಾದ ಭಾವಚಿತ್ರಗಳು ಹೊರಬಿದ್ದವು. ಟಿವಿಯವರು ದಿನವಿಡೀ ತೋರಿಸಿದರು. ಫೋನುಗಳಲ್ಲಿ ಒಬ್ಬರಿಂದೊಬ್ಬರಿಗೆ ಹೋಯಿತು. ಸಿನಿಮಾದಲ್ಲಿ ಸತ್ತವನು ಸಂಜೆ ಮುಖ ತೊಳೆದು ಮನೆಗೆ ಹೋಗುತ್ತಾನೆ. ಇವನು ಹೋಗಲಿಲ್ಲ. ಅವನ ತಂದೆತಾಯಿಯರು ಬದುಕಿದ್ದರು. ಅವರ ಮನೆಯಲ್ಲೂ ಟಿವಿ ಇತ್ತು.

ಇನ್ನು ನಮ್ಮ ಜಿಲ್ಲೆಯ ಮಾತು. ಇದನ್ನು ಆಡುವುದು ಬೇಡವೆಂದು ಇಬ್ಬರು ಮೂವರು ಹಿರಿಯ ಭಕ್ತರು ಬೆಳಿಗ್ಗೆ ಸೂಚಿಸಿದರು. ಅವರ ಕಾಳಜಿ ನಮಗೆ ಅರ್ಥವಾಗುತ್ತದೆ. ಊರಿನಲ್ಲಿ ಎಲ್ಲ ಪಕ್ಷದವರೂ ಇದ್ದೀರಿ, ಎಲ್ಲರೂ ಮಠಕ್ಕೆ ಬೇಕಾದವರೇ. ಆದರೂ ಹಳ್ಳಿಮೈಸೂರಿನಲ್ಲಿ ಕುಳಿತು ಶಿಗ್ಗಾವಿಯ ಹಿಂಸೆಯನ್ನು ಹೇಳಿ ಇಲ್ಲಿಯದನ್ನು ನುಂಗಿಕೊಂಡರೆ ಈ ಕಾವಿಗೆ ಮರ್ಯಾದೆಯಲ್ಲ.

2024ರ ಏಪ್ರಿಲ್ 26ರಂದು ಹಾಸನದಲ್ಲಿ ಲೋಕಸಭೆಗೆ ಮತದಾನ. ಅದಕ್ಕೆ ಮುಂಚಿನ ದಿನಗಳಲ್ಲಿ ಹಾದಿಬೀದಿಯಲ್ಲಿ ಪೆನ್‌ಡ್ರೈವ್‌ಗಳನ್ನು ಹಂಚಿದರು. ಅದರಲ್ಲಿ ಹೆಣ್ಣುಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ದೃಶ್ಯಗಳಿದ್ದವು. ಮುಖ ಮರೆಮಾಡದೆ ಹಂಚಿದರು. ಕೃತ್ಯದ ವಿಚಾರವನ್ನು ನ್ಯಾಯಾಲಯ ನೋಡಿದೆ: ಅಂದಿನ ಸಂಸದ ಪ್ರಜ್ವಲ್ ರೇವಣ್ಣನವರನ್ನು ಒಂದು ಮೊಕದ್ದಮೆಯಲ್ಲಿ ಅತ್ಯಾಚಾರದ ಅಪರಾಧಿ ಎಂದು ಬೆಂಗಳೂರಿನ ವಿಶೇಷ ನ್ಯಾಯಾಲಯವು 2025ರ ಆಗಸ್ಟ್ 1ರಂದು ತೀರ್ಮಾನಿಸಿ, ಮರುದಿನ ಜೀವಾವಧಿ ಸೆರೆವಾಸ ವಿಧಿಸಿತು. ಮನೆಗೆಲಸ ಮಾಡಿಕೊಂಡಿದ್ದ ಒಬ್ಬ ತಾಯಿ ಧೈರ್ಯವಾಗಿ ನಿಂತು ಸಾಕ್ಷಿ ಹೇಳಿದ್ದರಿಂದ ಅದು ಸಾಧ್ಯವಾಯಿತು. ಮೇಲ್ಮನವಿ ಅವರ ಹಕ್ಕು. ಅಲ್ಲಿಗೆ ಆ ಮಾತನ್ನು ಬಿಡೋಣ.

ನಾವು ಕೇಳುವುದು ನೋಡಿದವರ ವಿಚಾರ. ಮಾಡಿದವನಿಗೆ ಕಾನೂನು ಇದೆ, ಹಂಚಿದವನಿಗೂ ಇದೆ. ಆ ದೃಶ್ಯಗಳನ್ನು ಹಂಚುವುದು ಅಪರಾಧವೆಂದು ವಿಶೇಷ ತನಿಖಾ ತಂಡದವರು ಪ್ರಕಟಣೆಯನ್ನೇ ಹೊರಡಿಸಬೇಕಾಯಿತು. ಒಬ್ಬನೇ ಕುಳಿತು ನೋಡಿ, ಅಳಿಸಿ, ಮೀಸೆ ಒರೆಸಿಕೊಂಡು ಎದ್ದವನನ್ನು ಯಾರು ಕೇಳಬೇಕು? ಒಂದು ಸಲ ನಡೆದ ದೌರ್ಜನ್ಯ ಸಾವಿರ ಅಂಗೈಗಳಲ್ಲಿ ಸಾವಿರ ಸಲ ನಡೆಯಿತು. "ನಾನೇನು ಮಾಡಿದೆ ಬುದ್ದಿ, ಬಂದದ್ದನ್ನು ನೋಡಿದೆ ಅಷ್ಟೆ" ಎನ್ನುತ್ತೀರಿ. ಸಂತೆಯಲ್ಲಿ ಒಬ್ಬ ಹೆಣ್ಣುಮಗಳ ಸೆರಗನ್ನು ಯಾರೋ ಎಳೆದರೆ, ಸುತ್ತ ನಿಂತು ನೋಡಿದವನು "ನಾನು ನೋಡಿದೆ ಅಷ್ಟೆ" ಎನ್ನಬಹುದೇ? ದ್ರೌಪದಿಯು ಸಭೆಯಲ್ಲಿ ಪ್ರಶ್ನೆ ಕೇಳಿದ್ದು ಎಳೆದವನನ್ನಲ್ಲ, ಕುಳಿತು ನೋಡಿದವರನ್ನು.

ಛಾಂದೋಗ್ಯೋಪನಿಷತ್ತಿನಲ್ಲಿ ಆಹಾರ ಶುದ್ಧವಾದರೆ ಅಂತಃಕರಣ ಶುದ್ಧವಾಗುತ್ತದೆಂಬ ಮಾತಿದೆ. ಅಲ್ಲಿ ಆಹಾರವೆಂದರೆ ಅನ್ನವೊಂದೇ ಅಲ್ಲ, ಇಂದ್ರಿಯಗಳ ಮೂಲಕ ಒಳಕ್ಕೆ ತಂದುಕೊಂಡದ್ದೆಲ್ಲವೂ ಆಹಾರವೇ ಎಂದು ಶಂಕರಾಚಾರ್ಯರು ಭಾಷ್ಯ ಮಾಡಿದ್ದಾರೆ. ನಮ್ಮ ಶರಣರು ಇದನ್ನು ಇನ್ನೂ ಹತ್ತಿರಕ್ಕೆ ತಂದರು. ಷಟ್‌ಸ್ಥಲ ಶಾಸ್ತ್ರದಲ್ಲಿ ಆರು ಇಂದ್ರಿಯಗಳಲ್ಲಿ ಆರು ಲಿಂಗಗಳನ್ನು ಹೇಳಿದೆ. ಮೂಗಿನಲ್ಲಿ ಆಚಾರಲಿಂಗ, ನಾಲಗೆಯಲ್ಲಿ ಗುರುಲಿಂಗ, ಕಣ್ಣಿನಲ್ಲಿ ಶಿವಲಿಂಗ, ಚರ್ಮದಲ್ಲಿ ಜಂಗಮಲಿಂಗ, ಕಿವಿಯಲ್ಲಿ ಪ್ರಸಾದಲಿಂಗ, ಹೃದಯದಲ್ಲಿ ಮಹಾಲಿಂಗ. ಕಣ್ಣು ಕಂಡ ರೂಪವನ್ನು ಮೊದಲು ಕಣ್ಣಿನಲ್ಲಿರುವ ಶಿವಲಿಂಗಕ್ಕೆ ಅರ್ಪಿಸಿ, ಅನಂತರ ಪ್ರಸಾದವಾಗಿ ತಾನು ಸ್ವೀಕರಿಸಬೇಕು. ಅರ್ಪಿಸದೆ ತಿಂದ ಅನ್ನ ಹೇಗೆ ಅನರ್ಪಿತವೋ, ಅರ್ಪಿಸದೆ ನೋಡಿದ ನೋಟವೂ ಹಾಗೆಯೇ ಅನರ್ಪಿತ. ಬೆಳ್ಳುಳ್ಳಿ ಈರುಳ್ಳಿಯ ವಿಚಾರವಾಗಿ ನಮ್ಮನ್ನು ಬಂದು ಕೇಳುವ ಭಕ್ತರು ಬೇಕಾದಷ್ಟು ಜನರಿದ್ದಾರೆ. "ಬುದ್ದಿ, ಇದನ್ನು ನೋಡಬಹುದೇ?" ಎಂದು ಕೇಳಿದವರು ಇದುವರೆಗೆ ಒಬ್ಬರೂ ಇಲ್ಲ. ಇಷ್ಟಲಿಂಗವನ್ನು ಇಟ್ಟುಕೊಂಡು ದೃಷ್ಟಿ ನಿಲ್ಲಿಸುವ ಎಡಗೈಯ ಅಂಗೈಯೂ, ಫೋನು ಕೂರುವ ಅಂಗೈಯೂ ಒಂದೇ.

ಒಂದು ವಿಷಯವನ್ನು ಮರೆಮಾಚದೆ ಹೇಳಬೇಕು. ಆ ಏಪ್ರಿಲ್ ತಿಂಗಳಲ್ಲಿ ಒಬ್ಬರು ಮಠಕ್ಕೆ ಬಂದು, "ಬುದ್ದಿ, ಹೀಗೆ ಹೀಗೆ ವಿಡಿಯೊಗಳು ಬಂದಿವೆ, ನಮ್ಮ ಕಡೆಯ ಹೆಂಗಸರೂ ಇದ್ದಾರಂತೆ" ಎಂದಾಗ, ನಮ್ಮ ಬಾಯಿಂದ ಮೊದಲು ಬಂದ ಮಾತು "ಯಾರು?" ಎಂಬುದು. ಆ ತಾಯಂದಿರು ಹೇಗಿದ್ದಾರೆ, ಮನೆಯಲ್ಲಿ ಇಟ್ಟುಕೊಂಡಿದ್ದಾರೆಯೇ, ಊಟ ಮಾಡಿದರೇ ಎಂಬುದು ಬರಲಿಲ್ಲ. ಅವರು ಹೋದ ಮೇಲೆ ಪೂಜೆಗೆ ಕುಳಿತಾಗ ಗುರುಗಳ ಹಳೆಯ ಪ್ರಶ್ನೆ ನೆನಪಾಯಿತು. ಗುರುಗಳೂ ಹೆಸರನ್ನೇ ಕೇಳಿದ್ದರು, ನಾವೂ ಹೆಸರನ್ನೇ ಕೇಳಿದೆವು. ಅವರು ಕೇಳಿದ್ದು ಮರುಕದಿಂದ. ನಾವು ಕೇಳಿದ್ದು ಕುತೂಹಲದಿಂದ. ನಲವತ್ತು ವರ್ಷ ಶಾಸ್ತ್ರ ಓದಿದ ಮೇಲೂ ನಾಲಗೆ ಟೆಂಟಿನ ಮರಳಿನ ಮೇಲೆಯೇ ಕುಳಿತಿತ್ತು.

ಅದಾದ ಕೆಲವು ದಿನಗಳಿಗೆ ಇನ್ನೊಬ್ಬ ಭಕ್ತರು ಬಂದರು. ಐವತ್ತು ದಾಟಿದವರು, ತೋಟ ತುಡಿಕೆ ಮಾಡಿಕೊಂಡಿರುವವರು. ಊರು ಹೇಳುವುದಿಲ್ಲ. ಈಗಲೇ ನಿಮ್ಮಲ್ಲಿ ಕೆಲವರು ಯಾವ ಊರಿರಬಹುದೆಂದು ಲೆಕ್ಕಹಾಕುತ್ತಿದ್ದೀರಿ. ಇಷ್ಟು ಹೊತ್ತು ನಾವು ಹೇಳಿದ ರೋಗ ಅದೇ. ಅವರು ಎಲ್ಲರೂ ಏಳುವ ತನಕ ಕಂಬದ ಪಕ್ಕದಲ್ಲಿ ಕಾದಿದ್ದು, ಆಮೇಲೆ ಹತ್ತಿರ ಬಂದು, "ಬುದ್ದಿ, ನಾನೂ ನೋಡಿದೆ" ಎಂದರು. ಯಾರೋ ಕಳುಹಿಸಿದ್ದರಂತೆ. ನೋಡಿದಾಗ ಅದರಲ್ಲಿದ್ದ ಹೆಣ್ಣುಮಗಳು ತಮ್ಮ ಬೀದಿಯವರಂತೆ ಕಂಡಿತಂತೆ. ಹೌದೋ ಅಲ್ಲವೋ ಗೊತ್ತಿಲ್ಲ. ಆದರೆ ಅಂದಿನಿಂದ ಅವರ ಮನೆಯ ಮುಂದೆ ಹಾದುಹೋಗಲಾರದೆ ಸುತ್ತಿಬಳಸಿ ತೋಟಕ್ಕೆ ಹೋಗುತ್ತಿದ್ದರಂತೆ. ಬೀದಿಯವರೂ ಒಬ್ಬೊಬ್ಬರಾಗಿ ಆ ಮನೆಯ ಕಡೆ ಹೋಗುವುದನ್ನು ಬಿಟ್ಟಿದ್ದರಂತೆ. "ಪ್ರಾಯಶ್ಚಿತ್ತ ಏನು ಬುದ್ದಿ? ವಿಭೂತಿ ಕೊಡಿ, ಜಪ ಹೇಳಿ, ಎಷ್ಟಾದರೂ ಮಾಡುತ್ತೇನೆ" ಎಂದು ಅತ್ತರು.

ನಾವು ಜಪ ಹೇಳಲಿಲ್ಲ. ಜಪಮಾಡಿ ಅವರು ಹಗುರಾಗುತ್ತಾರೆ, ಆ ಮನೆಯ ಮುಂದಿನ ಬೀದಿ ಹಾಗೆಯೇ ಖಾಲಿ ಉಳಿಯುತ್ತದೆ. "ಇಂದಿನಿಂದ ನೇರ ದಾರಿಯಲ್ಲೇ ತೋಟಕ್ಕೆ ಹೋಗಿ. ಹಿಂದೆ ಹೇಗೆ ಮಾತಾಡಿಸುತ್ತಿದ್ದಿರೋ ಹಾಗೆಯೇ ಮಾತಾಡಿಸಿ, ಒಂದು ಮಾತು ಹೆಚ್ಚೂ ಬೇಡ, ಕಡಿಮೆಯೂ ಬೇಡ. ಮನೆಯಲ್ಲಿ ನಿಮ್ಮ ಯಜಮಾನಿಗೆ ನಡೆದದ್ದನ್ನು ಹೇಳಿ" ಎಂದೆವು. ಹೆಂಡತಿಗೆ ಹೇಳುವುದೇ ಅವರಿಗೆ ಎಲ್ಲಕ್ಕಿಂತ ಕಷ್ಟವಾಯಿತೆಂದು ಮುಖದಲ್ಲೇ ಕಾಣುತ್ತಿತ್ತು.

ಒಂದು ತಿಂಗಳ ಮೇಲೆ ದಂಪತಿಗಳಿಬ್ಬರೂ ಪಾದಪೂಜೆಗೆ ಬಂದಿದ್ದರು. ಆ ತಾಯಿಯನ್ನು ನಾವು ಏನೂ ಕೇಳಲಿಲ್ಲ. ಅವರೇ ಹೇಳಿದರು. ಗಂಡ ವಿಷಯ ತಿಳಿಸಿದ ರಾತ್ರಿ ಅವರ ಮೇಲೆ ಬಹಳ ಕೋಪ ಬಂದು ಊಟಕ್ಕೆ ಬಡಿಸಲಿಲ್ಲವಂತೆ. ಮರುದಿನ ಸಂಜೆ, ಮನೆಯಲ್ಲಿ ಮೊಸರಿದ್ದರೂ, ಒಂದು ಚಿಕ್ಕ ಬಟ್ಟಲು ತೆಗೆದುಕೊಂಡು ಆ ಮನೆಗೆ ಹೋಗಿ, "ಹೆಪ್ಪಿಗೆ ಚೂರು ಮೊಸರು ಕೊಡಮ್ಮಾ" ಎಂದು ಕೇಳಿದರಂತೆ. ಒಳಗಿನಿಂದ ಬಹಳ ಹೊತ್ತು ಉತ್ತರ ಬರಲಿಲ್ಲವಂತೆ. ಇವರು ಜಗಲಿಯ ಮೇಲೆ ಬಟ್ಟಲು ಹಿಡಿದುಕೊಂಡು ಹಾಗೆಯೇ ಕುಳಿತಿದ್ದರಂತೆ. ಆಮೇಲೆ ಬಾಗಿಲು ತೆರೆಯಿತಂತೆ.